ರಜೆಗೆ ಮನೆಗೆ ಬರುವ ಮಗಳು ಏನು ಓದಬೇಕು?

ಪ್ರಶ್ನೆ: ನನ್ನ ಮಗಳಿಗೆ 10 ವರ್ಷ. ಹುಟ್ಟಿದಾಗಿನಿಂದ ಕಣ್ಣು ಕಾಣಿಸುವುದಿಲ್ಲ, ಬೆಳಕು ಕತ್ತಲೆ ಮಾತ್ರ ಗೊತ್ತಾಗುತ್ತದೆ. ದೂರದ ಊರಿನ ವಸತಿ ಶಾಲೆಯಲ್ಲಿ 4ನೇ ತರಗತಿ ಓದುತ್ತಿದ್ದಾಳೆ. ಕನ್ನಡ ಬ್ರೈಲ್ (ಬೆರಳಿನಿಂದ ಮುಟ್ಟಿ ಓದುವ ಚುಕ್ಕೆ ಲಿಪಿ) ಚೆನ್ನಾಗಿ ಬರುತ್ತದೆ. ಆದರೆ ಬೇಸಿಗೆ ರಜೆಗೆ ಮನೆಗೆ ಬಂದರೆ ಓದಲು ಏನೂ ಇರುವುದಿಲ್ಲ. ದಿನವಿಡೀ ಟಿವಿ ಕೇಳುತ್ತಾ ಕೂತಿರುತ್ತಾಳೆ. ನಮ್ಮೂರಿನ ಗ್ರಂಥಾಲಯದಲ್ಲಿ ಮೇ ತಿಂಗಳಲ್ಲಿ ಮಕ್ಕಳಿಗೆ ಶಿಬಿರ ಮಾಡುತ್ತಾರೆ. ಹೋಗಿ ವಿಚಾರಿಸಿದೆ. ‘ಕರ್ಕೊಂಡು ಬನ್ನಿ, ಆದ್ರೆ ಇಲ್ಲಿ ಬಂದು ಅವಳು ಏನು ಮಾಡ್ತಾಳೆ?’ ಎಂದರು. ಅಮೆರಿಕದ ನ್ಯೂ ಜೆರ್ಸಿಯಲ್ಲಿರುವ ನನ್ನ ತಮ್ಮ, ಅಲ್ಲಿ ಇಂಥ ಮಕ್ಕಳಿಗೆ ಪುಸ್ತಕ ಮನೆಗೇ ಬರುತ್ತದೆ, ಬೇಸಿಗೆಯಲ್ಲಿ ಓದುವ ಕಾರ್ಯಕ್ರಮವೂ ಇರುತ್ತದೆ ಅನ್ನುತ್ತಾನೆ. ನಮ್ಮಲ್ಲಿ ಏನಿದೆ? ಯಾವ ಪುಸ್ತಕ ಕೊಡಲಿ? ಗ್ರಂಥಾಲಯದವರಿಗೆ ಏನು ಹೇಳಲಿ?

ಉತ್ತರ: ನೀವು ರಜೆಗೆ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಹೆಚ್ಚಿನ ಅಪ್ಪ ಅಮ್ಮಂದಿರು ಮೇ ಎರಡನೇ ವಾರ ಫೋನ್ ಮಾಡುತ್ತಾರೆ. ಆಗ ಪುಸ್ತಕ ತರಿಸುವ ಹೊತ್ತಿಗೆ ಶಾಲೆಯೇ ಶುರುವಾಗಿರುತ್ತದೆ.

ಮೊದಲು ಒಂದು ವಿಷಯ. ಗ್ರಂಥಾಲಯಕ್ಕೆ ಹೋದ ಮಕ್ಕಳು ಏನು ಮಾಡುತ್ತಾರೆ, ನೋಡಿದ್ದೀರಾ? ಒಂದು ಪುಸ್ತಕ ಎಳೆಯುತ್ತಾರೆ, ಎರಡು ಪುಟ ತಿರುವಿ ಬಿಸಾಡುತ್ತಾರೆ. ಇನ್ನೊಂದು ಎಳೆಯುತ್ತಾರೆ. ಐದಾರು ಹಾಗೆ ಮಾಡಿ ಕೊನೆಗೆ ಒಂದನ್ನು ಹಿಡಿದು ಮೂಲೆ ಸೇರುತ್ತಾರೆ. ಆ ಬಿಸಾಡುವ ಭಾಗ ಬಹಳ ಮುಖ್ಯ. ನನಗೆ ಯಾವುದು ಇಷ್ಟ ಅಂತ ಮಗು ತಿಳಿದುಕೊಳ್ಳುವುದೇ ಹಾಗೆ. ಕಣ್ಣು ಕಾಣದ ಮಕ್ಕಳಿಗೆ ಈ ಅವಕಾಶ ಸಿಗುವುದೇ ಇಲ್ಲ. ಯಾರೋ ಓದಿ ಹೇಳಿದ್ದನ್ನು ಕೇಳಬೇಕು. ಶಾಲೆಯಲ್ಲಿ ಇರುವ ನಾಲ್ಕು ಬ್ರೈಲ್ ಪುಸ್ತಕಗಳನ್ನೇ ಓದಬೇಕು. ‘ನಂಗೆ ಇದು ಬೇಡ’ ಅಂದರೆ ಬದಲಿಗೆ ಕೊಡಲು ಇನ್ನೊಂದು ಇರುವುದಿಲ್ಲ.

ಆದ್ದರಿಂದ ‘ಯಾವ ಪುಸ್ತಕ ಕೊಡಲಿ’ ಎಂಬ ಪ್ರಶ್ನೆಗೆ ನನ್ನ ಉತ್ತರ: ಒಂದು ಕೊಡಬೇಡಿ. ಹತ್ತು ಕೊಡಿ. ಅವಳು ಏಳನ್ನು ಅರ್ಧಕ್ಕೇ ಬಿಡಲಿ, ಬೈಯಬೇಡಿ.

ಇದನ್ನು ನಾನು ತಡವಾಗಿ ಕಲಿತೆ. ಬ್ರೈಲ್ ಕಲಿಸಲು ಶುರು ಮಾಡಿದ ಹೊಸದರಲ್ಲಿ, ರಜೆಗೆ ಊರಿಗೆ ಹೊರಟ ಒಬ್ಬ ಹುಡುಗನಿಗೆ ತುಂಬ ಪ್ರೀತಿಯಿಂದ ಪುಸ್ತಕ ಆರಿಸಿಕೊಟ್ಟಿದ್ದೆ. ಎಲ್ಲವೂ ಕಣ್ಣಿಲ್ಲದೆಯೂ ದೊಡ್ಡ ಸಾಧನೆ ಮಾಡಿದವರ ಕಥೆಗಳು. ಜೂನ್‌ನಲ್ಲಿ ವಾಪಸ್ ಬಂದವನು ಪುಸ್ತಕ ಮೇಜಿನ ಮೇಲಿಟ್ಟು, ‘ದೆವ್ವದ ಕಥೆ ಇಲ್ವಾ?’ ಎಂದು ಕೇಳಿದ. ಅವನಿಗೆ ಓದು ಬೇಕಿತ್ತು, ಪಾಠ ಬೇಕಿರಲಿಲ್ಲ. ಅವನ ಅಣ್ಣ ಏನು ಓದುತ್ತಾನೋ ಅದೇ ಬೇಕಿತ್ತು. ನಿಮ್ಮ ಮಗಳಿಗೂ ಅಷ್ಟೇ. ಓಣಿಯ ಮಕ್ಕಳು ಈ ಬೇಸಿಗೆಯಲ್ಲಿ ಏನು ಓದುತ್ತಾರೆ ಕೇಳಿ. ಅದನ್ನೇ ಅವಳಿಗೂ ಸಿಗುವ ಹಾಗೆ ಮಾಡುವುದು ನಮ್ಮ ಕೆಲಸ.

ಇನ್ನು ಬ್ರೈಲ್ ಬೇಕಾ, ಕೇಳುವ ಪುಸ್ತಕ ಸಾಕಾ? ಈಗ ಫೋನೇ ಎಲ್ಲ ಓದಿ ಹೇಳುತ್ತದಲ್ಲ ಎಂದು ಅನೇಕರು ಕೇಳುತ್ತಾರೆ. ಎರಡೂ ಬೇಕು. ಆದರೆ 10 ವರ್ಷದ ಮಗುವಿಗೆ ಬ್ರೈಲ್ ತಪ್ಪಲೇಬಾರದು. ಬರೀ ಕಿವಿಯಿಂದ ಕಲಿತ ಮಗುವಿಗೆ ‘ಶ’ ಎಲ್ಲಿ, ‘ಷ’ ಎಲ್ಲಿ ಅಂತ ಹೇಗೆ ಗೊತ್ತಾಗಬೇಕು? ಮಾತಿನಲ್ಲಿ ಎರಡೂ ಒಂದೇ ಥರ ಕೇಳುತ್ತವೆ. ಮಹಾಪ್ರಾಣ, ಹಕಾರ ನುಂಗಿ ಮಾತಾಡುವ ಕಡೆ ಬೆಳೆದ ಮಗುವಾದರೆ ಇನ್ನೂ ಕಷ್ಟ. ಕಾಗುಣಿತ ಬೆರಳಿನಿಂದಲೇ ಬರಬೇಕು. ಜೊತೆಗೆ ಓದುವ ವೇಗ. ಎರಡು ತಿಂಗಳು ಚುಕ್ಕೆ ಮುಟ್ಟದಿದ್ದರೆ ಬೆರಳು ನಿಧಾನವಾಗುತ್ತದೆ. ಜೂನ್, ಜುಲೈ ಪೂರ್ತಿ ಅದನ್ನು ಸರಿ ಮಾಡುವುದರಲ್ಲೇ ಕಳೆಯುವುದನ್ನು ಪ್ರತಿ ವರ್ಷ ನೋಡಿದ್ದೇನೆ. ದಿನಕ್ಕೆ 20 ನಿಮಿಷ ಓದಿದರೂ ಸಾಕು. ಬೆಳಗ್ಗೆ ತಂಪು ಹೊತ್ತಿನಲ್ಲಿ ಓದಲಿ. ಸೆಕೆಗೆ ಬೆವರಿದ ಬೆರಳು ಕಾಗದಕ್ಕೆ ಅಂಟುತ್ತದೆ, ಜಾರುವುದಿಲ್ಲ. ಪಕ್ಕದಲ್ಲಿ ಒಂದು ಒಣ ಬಟ್ಟೆ ಇಡಿ.

ಪುಸ್ತಕ ಎಲ್ಲಿ ಸಿಗುತ್ತದೆ? ಎಲ್ಲಕ್ಕಿಂತ ಹತ್ತಿರದ್ದು ಅವಳ ಶಾಲೆಯೇ. ರಜೆಯಲ್ಲಿ ಅಲ್ಲಿನ ಬ್ರೈಲ್ ಪುಸ್ತಕಗಳು ಬೀರುವಿನಲ್ಲಿ ಸುಮ್ನೆ ಇರುತ್ತವೆ. ಕರೆದುಕೊಂಡು ಬರಲು ಹೋದಾಗ, ಜವಾಬ್ದಾರಿ ನನ್ನದು ಎಂದು ಬರೆದುಕೊಟ್ಟು ಐದಾರು ಕೇಳಿ ತನ್ನಿ. ದೊಡ್ಡ ಚೀಲ ಒಯ್ಯಿರಿ. ಬ್ರೈಲ್ ಪುಸ್ತಕ ಎಷ್ಟು ದಪ್ಪ ಅಂತ ನಿಮಗೆ ಗೊತ್ತೇ ಇದೆ. ನಾವು ಒಂದು ಕೈಯಲ್ಲಿ ಹಿಡಿಯುವ ಕಾದಂಬರಿ ಬ್ರೈಲ್‌ನಲ್ಲಿ ಮೂರು ನಾಲ್ಕು ಸಂಪುಟ ಆಗಬಹುದು. ಮನೆಯಲ್ಲಿ ಒಂದರ ಮೇಲೊಂದು ಪೇರಿಸಿ ಇಡಬೇಡಿ, ಚುಕ್ಕೆ ಚಪ್ಪಟೆಯಾಗುತ್ತದೆ. ನಿಲ್ಲಿಸಿ ಇಡಿ.

ಎರಡನೆಯದು ಬೆಂಗಳೂರಿನ ಮಿತ್ರ ಜ್ಯೋತಿ. ತಾವೇ ದೃಷ್ಟಿ ಇಲ್ಲದ ಮಧು ಸಿಂಘಾಲ್ ಅವರು 1990ರಲ್ಲಿ ಶುರು ಮಾಡಿದ ಸಂಸ್ಥೆ ಇದು. ಅಲ್ಲಿ ಕೇಳುವ ಪುಸ್ತಕಗಳ ಗ್ರಂಥಾಲಯವೂ ಇದೆ, ಬ್ರೈಲ್ ಮಾಡಿಕೊಡುವ ವಿಭಾಗವೂ ಇದೆ. ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯದಲ್ಲೂ ಬ್ರೈಲ್ ವಿಭಾಗ ಇದೆ. ಬೆಂಗಳೂರು ದೂರ, ಭಾರದ ಪುಸ್ತಕ ತರಿಸುವುದು ಹೇಗೆ ಎಂಬ ಚಿಂತೆ ಬೇಡ. ನಮ್ಮ ಅಂಚೆ ಇಲಾಖೆ ಅಂಧರ ಓದಿನ ಸಾಮಗ್ರಿಯನ್ನು 7 ಕೆಜಿವರೆಗೆ ಅಂಚೆ ಶುಲ್ಕವಿಲ್ಲದೆ ಸಾಗಿಸುತ್ತದೆ. ಈ ವಿಷಯ ಎಷ್ಟೋ ಶಿಕ್ಷಕರಿಗೇ ಗೊತ್ತಿಲ್ಲ! ಕೌಂಟರಿನಲ್ಲಿ ಯಾರಾದರೂ ಗೊತ್ತಿಲ್ಲ ಅಂದರೆ ಪೋಸ್ಟ್‌ಮಾಸ್ಟರ್ ಹತ್ತಿರ ‘ಬ್ಲೈಂಡ್ ಲಿಟರೇಚರ್ ಪ್ಯಾಕೆಟ್’ ಎಂದು ಹೇಳಿ. ಈ ಹೆಸರಿನಿಂದಲೇ ಅವರಿಗೆ ಅರ್ಥವಾಗುತ್ತದೆ.

ಮೂರನೆಯದು ಸುಗಮ್ಯ ಪುಸ್ತಕಾಲಯ. ಇದು ಕಟ್ಟಡ ಅಲ್ಲ, ಆನ್‌ಲೈನ್ ಗ್ರಂಥಾಲಯ. 2016ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮತ್ತು ಡೈಸಿ ಫೋರಂ ಆಫ್ ಇಂಡಿಯಾ (ಅಂಧರಿಗೆ ಪುಸ್ತಕ ಒದಗಿಸುವ ಸಂಸ್ಥೆಗಳ ಒಕ್ಕೂಟ) ಸೇರಿ ಶುರು ಮಾಡಿದವು. ಇಲ್ಲಿ ಕನ್ನಡವೂ ಸೇರಿ ಹಲವು ಭಾಷೆಯ ಪುಸ್ತಕಗಳಿವೆ. ದುಡ್ಡು ಇಲ್ಲ. ಸದಸ್ಯತ್ವಕ್ಕೆ ಅಂಗವೈಕಲ್ಯದ ಪ್ರಮಾಣಪತ್ರ ಅಥವಾ ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಇಟ್ಟುಕೊಳ್ಳಿ. ಡೈಸಿ ಫೋರಂನ ಸದಸ್ಯ ಸಂಸ್ಥೆಯೊಂದರ ಮೂಲಕ ನೋಂದಣಿ ಮಾಡಬೇಕು. ಮಿತ್ರ ಜ್ಯೋತಿಯವರೇ ಮಾಡಿಕೊಡುತ್ತಾರೆ. ಒಪ್ಪಿಗೆ ಬರಲು ಕೆಲವು ದಿನ ಹಿಡಿಯುತ್ತದೆ, ಆದ್ದರಿಂದ ಈ ವಾರವೇ ಅರ್ಜಿ ಹಾಕಿ. ಆಮೇಲೆ ಪುಸ್ತಕ ಇಳಿಸಿಕೊಂಡು ನಿಮ್ಮ ಆಂಡ್ರಾಯ್ಡ್ ಫೋನಿನಲ್ಲೇ ಕೇಳಬಹುದು. ಪರದೆಯ ಮೇಲಿರುವುದನ್ನು ಓದಿ ಹೇಳುವ ಫೋನಿನ ಟಾಕ್‌ಬ್ಯಾಕ್ ಆನ್ ಮಾಡಿ, ಧ್ವನಿಗೆ ಕನ್ನಡ ಆರಿಸಿದರೆ ಅವಳೇ ಬೆರಳಾಡಿಸಿ ಪುಸ್ತಕ ಹುಡುಕಬಹುದು. ಇದನ್ನು ಕಲಿಸಲು ಒಂದು ವಾರ ಕೊಡಿ. ಪ್ರತಿ ಸಲ ನೀವೇ ಹಾಕಿಕೊಟ್ಟರೆ ಆರಿಸಿದ್ದು ನೀವೇ ಆಗುತ್ತೀರಿ, ಅಲ್ವಾ?

ಪ್ರಥಮ್ ಬುಕ್ಸ್ ಪ್ರಕಾಶನದ ಸ್ಟೋರಿವೀವರ್ ಜಾಲತಾಣ ಕೂಡ ನೋಡಿ. ಕನ್ನಡದ ಬಹಳಷ್ಟು ಮಕ್ಕಳ ಕಥೆಗಳು ಅಲ್ಲಿ ಉಚಿತ. ಯಾರು ಬೇಕಾದರೂ ನಕಲು ಮಾಡಿ, ಬದಲಾಯಿಸಿ ಬಳಸಬಹುದಾದ ಪರವಾನಗಿ ಇದೆ. ಅಂದರೆ ಬ್ರೈಲ್ ಮಾಡಿಸಲೂ ಅಡ್ಡಿ ಇಲ್ಲ. ಚಿಕ್ಕ ಕಥೆಗಳು, ಬ್ರೈಲ್‌ನಲ್ಲಿ ನಾಲ್ಕೈದು ಹಾಳೆ ಅಷ್ಟೆ. ಒಂದೇ ಕೂತಲ್ಲಿ ಮುಗಿಸಿದ ಖುಷಿ ಮಗುವಿಗೆ ಸಿಗುತ್ತದೆ.

ಅಂಗಡಿಯಲ್ಲಿ ಸಿಗುವ ಪುಸ್ತಕವನ್ನು ನಾವೇ ಓದಿ ರೆಕಾರ್ಡ್ ಮಾಡಿದರೆ ಕಾನೂನಿಗೆ ತಪ್ಪಾಗುತ್ತದಾ ಎಂದು ಹೆದರುವವರಿದ್ದಾರೆ. ಹೆದರಬೇಡಿ. 2012ರಲ್ಲಿ ನಮ್ಮ ಹಕ್ಕುಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಬಂತು. ಅಂಗವಿಕಲರು ಸ್ವಂತಕ್ಕೆ ಓದಲು ಅಥವಾ ಕಲಿಯಲು ಪುಸ್ತಕವನ್ನು ಅವರಿಗೆ ಸಿಗುವ ರೂಪಕ್ಕೆ ತರಬಹುದು, ಲೇಖಕರ ಪ್ರಕಾಶಕರ ಅನುಮತಿ ಬೇಕಿಲ್ಲ. ಮುಂದೆ ಇದೇ ಉದ್ದೇಶದ ಅಂತರರಾಷ್ಟ್ರೀಯ ಒಪ್ಪಂದ, ಮರಕೇಶ್ ಒಪ್ಪಂದ ಬಂದಾಗ ಅದನ್ನು ಮೊದಲು ಅಂಗೀಕರಿಸಿದ ದೇಶ ಭಾರತ, 2014ರಲ್ಲಿ.

ರೆಕಾರ್ಡ್ ಮಾಡುವಾಗ ಫ್ಯಾನ್ ಆರಿಸಿ. ಶುರುವಿನಲ್ಲಿ ಪುಸ್ತಕದ ಹೆಸರು, ಬರೆದವರ ಹೆಸರು ಹೇಳಿ. ಒಂದೊಂದು ಅಧ್ಯಾಯಕ್ಕೆ ಒಂದೊಂದು ಫೈಲ್ ಮಾಡಿ. ಚಿತ್ರ ಬಂದರೆ ಬಿಡಬೇಡಿ, ಎರಡು ವಾಕ್ಯದಲ್ಲಿ ಹೇಳಿ: ‘ಇಲ್ಲಿ ಒಂದು ಚಿತ್ರ ಇದೆ. ನರಿ ಬಾವಿಯೊಳಗೆ ಬಗ್ಗಿ ನೋಡುತ್ತಿದೆ.’ ಜಾಸ್ತಿ ನಾಟಕ ಬೇಡ. ಅತ್ತು ಕರೆದು ಓದಿದರೆ ಕಲ್ಪಿಸಿಕೊಳ್ಳಲು ಮಗುವಿಗೆ ಏನೂ ಉಳಿಯುವುದಿಲ್ಲ. ಅಜ್ಜಿ, ಮಾವ, ಪಕ್ಕದ ಮನೆಯ ಹೈಸ್ಕೂಲ್ ಹುಡುಗಿ, ಹೀಗೆ ಬೇರೆ ಬೇರೆ ದನಿ ಇರಲಿ. ನ್ಯೂ ಜೆರ್ಸಿಯ ನಿಮ್ಮ ತಮ್ಮನಿಗೂ ಒಂದು ಪುಸ್ತಕ ವಹಿಸಿ. ಅಕ್ಕನ ಮಗಳಿಗೆ ಅಲ್ಲಿಂದ ವಾರಕ್ಕೊಂದು ಅಧ್ಯಾಯ ಕಳಿಸಲಿ.

ಪುಸ್ತಕದ ಹೆಸರು ಹೇಳದೆ ಬಿಟ್ಟರೆ ನಿಮಗೆ ಸಮಾಧಾನ ಆಗುವುದಿಲ್ಲ. ಹತ್ತರಲ್ಲಿ ಸೇರಿಸಲು ಕೆಲವು ಹೇಳುತ್ತೇನೆ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಇರಲಿ. ಇಲಿಗಳ ಗಲಾಟೆ, ಜೋಗಿಯ ವಾದನ, ಹಿಂದೆ ಓಡುವ ಮಕ್ಕಳು, ಇಡೀ ಕಥೆ ಶಬ್ದದಲ್ಲೇ ನಡೆಯುತ್ತದೆ. ಬೆರಳಿನಿಂದ ಓದುತ್ತಾ ಗಟ್ಟಿಯಾಗಿ ಹೇಳಲು ಇಷ್ಟು ಚೆನ್ನಾದದ್ದು ಕಡಿಮೆ. ಗೋವಿನ ಹಾಡು ಅವಳಿಗೆ ಬಾಯಿಗೆ ಬರುತ್ತಿರಬಹುದು. ಬರುತ್ತಿದ್ದರೆ ಅದನ್ನೇ ಬ್ರೈಲ್‌ನಲ್ಲಿ ಕೊಡಿ. ಗೊತ್ತಿರುವ ಸಾಲು ಓದುವಾಗ ಬೆರಳು ತಾನಾಗಿ ಓಡುತ್ತದೆ, ವೇಗ ಬರುವುದು ಹಾಗೆ. ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ಯನ್ನು ನೀವು ಓದಿ ಹೇಳಿ. ಕಿವಿ ಅನ್ನುವ ನಾಯಿ, ಕಾಡು, ಹಕ್ಕಿ ಎಲ್ಲ ಅದರಲ್ಲಿ ಬರುತ್ತದೆ. ಅವಳಿಗೆ ಕೆಲವು ಕಡೆ ಅರ್ಥವಾಗದಿದ್ದರೂ ಪ್ರಶ್ನೆ ಕೇಳುತ್ತಾಳೆ, ಆ ಪ್ರಶ್ನೆಗಳೇ ಮುಖ್ಯ. ಇದರ ಜೊತೆಗೆ ತೆನಾಲಿ ರಾಮ, ಬೇತಾಳ, ಒಂದು ಒಗಟಿನ ಪುಸ್ತಕ, ಒಂದು ನಗೆಹನಿ ಪುಸ್ತಕ ಇರಲಿ. ಒಗಟು ಮಕ್ಕಳ ಗುಂಪಿನಲ್ಲಿ ಬಹಳ ಬೆಲೆ ಬಾಳುತ್ತದೆ. ಯಾರಿಗೂ ಗೊತ್ತಿಲ್ಲದ ಐದು ಒಗಟು ಗೊತ್ತಿರುವ ಮಗುವಿನ ಸುತ್ತ ಉಳಿದವರು ತಾವೇ ಬಂದು ಕೂರುತ್ತಾರೆ. ಮತ್ತೆ, ದೆವ್ವದ ಕಥೆ ಮರೆಯಬೇಡಿ.

ನಿಮ್ಮ ಹತ್ತಿರದಲ್ಲಿ ತಾಳಮದ್ದಳೆ ನಡೆದರೆ ಕರೆದೊಯ್ಯಿರಿ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರ ಹಾಡು, ಅರ್ಥಧಾರಿಗಳ ಮಾತು ಅಷ್ಟೆ. ಕಣ್ಣಿದ್ದವರು, ಇಲ್ಲದವರು ಎಲ್ಲರಿಗೂ ಸಮವಾಗಿ ಸಿಗುವ ಕಲೆ ಅದು. ಗಮಕವೂ ಹಾಗೆಯೇ. ಗಮಕ ಕೇಳಿ ಬಂದ ಮಕ್ಕಳು ಮಹಾಭಾರತದ ಪುಸ್ತಕ ತಾವಾಗಿ ಕೇಳಿದ್ದನ್ನು ನೋಡಿದ್ದೇನೆ.

ಒಂದು ಕೆಲಸ ನಿಮಗೆ. ನೀವೂ ಬ್ರೈಲ್ ಕಲಿಯಿರಿ. ಬೆರಳಿನಿಂದ ಬೇಡ, ಕಣ್ಣಿನಿಂದ ನೋಡಿ ಓದಲು ಬಂದರೆ ಸಾಕು. ಒಂದು ಮನೆಯಲ್ಲಿ ಇರುವುದು ಆರೇ ಚುಕ್ಕೆ. ಎಡಗಡೆ ಮೇಲಿಂದ 1, 2, 3. ಬಲಗಡೆ 4, 5, 6. ಭಾರತದ ಭಾಷೆಗಳಿಗೆ ಬಳಸುವ ನಮ್ಮ ಭಾರತಿ ಬ್ರೈಲ್‌ನಲ್ಲಿ ಒತ್ತಕ್ಷರ ಕೆಳಗೆ ಬರುವುದಿಲ್ಲ, ಎಲ್ಲವೂ ಒಂದೇ ಸಾಲಿನಲ್ಲಿ. ‘ಅಮ್ಮ’ ಬರೆಯಲು ನಾಲ್ಕು ಮನೆ ಬೇಕು. ಮೊದಲ ಮನೆಯಲ್ಲಿ ಬರೀ 1ನೇ ಚುಕ್ಕೆ, ಅದು ‘ಅ’. ಎರಡನೆಯದರಲ್ಲಿ ಬರೀ 4, ಮುಂದೆ ಒತ್ತು ಇದೆ ಎಂಬ ಗುರುತು. ಆಮೇಲೆ ಎರಡು ಸಲ 1, 3, 4, ಅದು ‘ಮ’. ಆಯಿತು. ಬ್ರೈಲ್ ಸ್ಲೇಟಿನಲ್ಲಿ (ಹಾಳೆ ಸಿಕ್ಕಿಸುವ, ಮನೆಗಳಿರುವ ಪಟ್ಟಿ) ಕಡ್ಡಿಯಿಂದ ಚುಚ್ಚುವಾಗ ಬಲದಿಂದ ಎಡಕ್ಕೆ, ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯಬೇಕು. ಹಾಳೆ ಮಗುಚಿದರೆ ಸರಿಯಾಗುತ್ತದೆ. ಮಗಳೇ ಕಲಿಸಲಿ. ನೀವು ತಪ್ಪು ಮಾಡಿ ಅವಳು ತಿದ್ದುವಾಗ ಅವಳ ಮುಖ ನೋಡಿ. ನಿಮಗೆ ಬರೆಯಲು ಬಂದ ಮೇಲೆ ಅವಳ ಪುಸ್ತಕದ ಚೀಲದಲ್ಲಿ ದಿನಕ್ಕೊಂದು ಚೀಟಿ ಬರೆದಿಡಿ: ‘ಡಬ್ಬಿಯಲ್ಲಿ ಚಕ್ಕುಲಿ ಇದೆ.’ ಇದಕ್ಕಿಂತ ಒಳ್ಳೆಯ ಬ್ರೈಲ್ ಪಾಠ ನನಗೆ ಗೊತ್ತಿಲ್ಲ.

ನಿಮ್ಮ ತಮ್ಮ ಹೇಳಿದ್ದು ನಿಜ. ಅಮೆರಿಕದಲ್ಲಿ ಅಂಧ ವಯಸ್ಕರಿಗೆ ಪುಸ್ತಕ ಒದಗಿಸಬೇಕೆಂದು 1931ರಲ್ಲೇ ಕಾನೂನು ಬಂತು. 1952ರಲ್ಲಿ ಮಕ್ಕಳನ್ನೂ ಸೇರಿಸಿದರು. ಲೈಬ್ರರಿ ಆಫ್ ಕಾಂಗ್ರೆಸ್‌ನ ಒಂದು ವಿಭಾಗ, ರಾಜ್ಯಗಳ ಗ್ರಂಥಾಲಯಗಳ ಜೊತೆ ಸೇರಿ, ಬ್ರೈಲ್ ಮತ್ತು ಕೇಳುವ ಪುಸ್ತಕಗಳನ್ನು ಅಂಚೆಯಲ್ಲಿ ಪುಕ್ಕಟೆ ಕಳಿಸುತ್ತದೆ. ಬೇಸಿಗೆಯಲ್ಲಿ ಹಲವು ರಾಜ್ಯಗಳು ಈ ಓದುಗರಿಗಾಗಿಯೇ ಓದುವ ಕಾರ್ಯಕ್ರಮ ಮಾಡುತ್ತವೆ. ಅಲ್ಲಿನ ಅಂಧರ ರಾಷ್ಟ್ರೀಯ ಒಕ್ಕೂಟ 2008ರಲ್ಲಿ ಮೇರಿಲ್ಯಾಂಡ್‌ನಲ್ಲಿ ಶುರು ಮಾಡಿದ ‘ಬೆಲ್’ ಎಂಬ ಬೇಸಿಗೆ ಶಿಬಿರದಲ್ಲಿ ಆಟ, ಅಡುಗೆ, ಕರಕುಶಲದ ನಡುವೆಯೇ ಬ್ರೈಲ್ ಕಲಿಸುತ್ತಾರೆ. ಅದರಲ್ಲಿ ನನಗೆ ಬಹಳ ಇಷ್ಟವಾದದ್ದು, ಕಲಿಸುವವರಲ್ಲಿ ದೃಷ್ಟಿ ಇಲ್ಲದ ದೊಡ್ಡವರೂ ಇರುತ್ತಾರೆ. ‘ನಾನೂ ದೊಡ್ಡವಳಾಗಿ ಹೀಗೆ ಇರಬಹುದು’ ಅಂತ ಮಗುವಿಗೆ ಬಾಯಿಬಿಟ್ಟು ಹೇಳಬೇಕಾಗಿಲ್ಲ. ನಿಮ್ಮ ತಾಲ್ಲೂಕಿನಲ್ಲಿ ಕಣ್ಣು ಕಾಣದ ಶಿಕ್ಷಕರೋ ಬ್ಯಾಂಕ್ ನೌಕರರೋ ಇದ್ದರೆ ಶಿಬಿರಕ್ಕೆ ಒಂದು ದಿನ ಕಥೆ ಓದಲು ಕರೆಸಿ. ಭಾಷಣಕ್ಕೆ ಬೇಡ, ಬ್ರೈಲ್ ಪುಸ್ತಕ ಹಿಡಿದು ಕಥೆ ಓದಲು.

ಈಗ ಗ್ರಂಥಾಲಯದ ವಿಷಯ. ‘ಅವಳು ಏನು ಮಾಡ್ತಾಳೆ?’ ಎಂದವರ ಮೇಲೆ ಬೇಸರ ಬೇಡ. ಅವರಿಗೆ ಗೊತ್ತಿಲ್ಲ, ಕೇಳಿದ್ದಾರೆ. ಬರಬೇಡಿ ಅಂದಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ರಾಜ್ಯದಲ್ಲಿ 5 ಸಾವಿರಕ್ಕೂ ಹೆಚ್ಚಿವೆ. ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಇದೆ. ನಿಮ್ಮದು ಅರಿವು ಕೇಂದ್ರವೋ ನಗರ ಗ್ರಂಥಾಲಯವೋ, ಮೊದಲು ಅವಳ ಹೆಸರಿನಲ್ಲೇ ಒಂದು ಕಾರ್ಡ್ ಮಾಡಿಸಿ. ಬ್ರೈಲ್ ಇಲ್ಲದ ಗ್ರಂಥಾಲಯದಲ್ಲಿ ಕಾರ್ಡ್ ಯಾಕೆ ಅಂತ ಕೇಳಬಹುದು. ಸದಸ್ಯಳಾದ ಮೇಲೆ ಪುಸ್ತಕ ಒದಗಿಸುವುದು ಅವರ ಕೆಲಸವೂ ಆಗುತ್ತದೆ.

ಶಿಬಿರಕ್ಕೆ ಒಂದು ದಿನ ಮೊದಲೇ, ಯಾರೂ ಇಲ್ಲದಾಗ ಕರೆದೊಯ್ಯಿರಿ. ಬಾಗಿಲು, ಕಪಾಟು, ನೀರಿನ ಫಿಲ್ಟರ್, ಶೌಚಾಲಯ, ಮೆಟ್ಟಿಲು ಎಲ್ಲ ಅವಳೇ ಮುಟ್ಟಿ ನಡೆದು ನೋಡಲಿ. ಆಮೇಲೆ ಕುರ್ಚಿಗಳನ್ನು ದಿನಕ್ಕೊಂದು ಕಡೆ ಸರಿಸಬೇಡಿ ಎಂದು ಹೇಳಿ. ನಡೆಸುವವರಿಗೆ ಇನ್ನಷ್ಟು ಹೇಳಬೇಕು. ಮಾತಾಡಿಸುವ ಮೊದಲು ಅವಳ ಹೆಸರು ಹೇಳಿ, ಇಲ್ಲದಿದ್ದರೆ ಯಾರನ್ನು ಕೇಳಿದರು ಅಂತ ತಿಳಿಯುವುದಿಲ್ಲ. ‘ಅಲ್ಲಿ ಇಡು’ ಬೇಡ, ‘ನಿನ್ನ ಬಲಕ್ಕೆ ಮೇಜಿನ ಮೇಲೆ ಇಡು’ ಅನ್ನಿ. ಕೈ ಹಿಡಿದು ಎಳೆಯಬೇಡಿ, ನಿಮ್ಮ ಮೊಣಕೈ ಕೊಡಿ, ಅವಳು ಹಿಡಿದು ಒಂದು ಹೆಜ್ಜೆ ಹಿಂದೆ ಬರುತ್ತಾಳೆ.

ಚಟುವಟಿಕೆಗಳನ್ನು ಹೆಚ್ಚು ಬದಲಿಸಬೇಕಾಗಿಲ್ಲ. ಚಿತ್ರ ಬಿಡಿಸುವ ದಿನ ಎಲ್ಲರಿಗೂ ಜೇಡಿಮಣ್ಣು ಕೊಡಬಹುದು. ಅಥವಾ ಗೋಣಿಪಟ್ಟಿ, ಹತ್ತಿ, ರಾಗಿ, ಮರಳು ಕಾಗದ ಅಂಟಿಸಿ ಮುಟ್ಟಿ ನೋಡುವ ಕಥೆಪುಸ್ತಕ ಮಾಡಿಸಬಹುದು. ಶಿಬಿರ ಮುಗಿದ ಮೇಲೆ ಅದು ಗ್ರಂಥಾಲಯದಲ್ಲೇ ಉಳಿಯಲಿ. ಆಟಕ್ಕೆ ಅಳಗುಳಿ ಮಣೆ ತೆಗೆಯಿರಿ. ನಮ್ಮ ಹಿರಿಯರು ಅಂಧರಿಗಾಗಿ ಮಾಡಿದ ಆಟವಲ್ಲ ಅದು. ಆದರೆ ಗುಳಿ ಮುಟ್ಟಿದರೆ ಸಿಗುತ್ತದೆ, ಹುಣಸೆ ಬೀಜ ಎಣಿಸಿದರೆ ಲೆಕ್ಕ ಸಿಗುತ್ತದೆ, ಒಂದು ಸಣ್ಣ ಬದಲಾವಣೆಯೂ ಬೇಡ. ಚೌಕಾಬಾರದ ಮನೆಗಳನ್ನು ದಪ್ಪ ದಾರದಿಂದ ಬಟ್ಟೆಯ ಮೇಲೆ ಹೊಲಿದು, ಕಾಯಿಗಳಿಗೆ ಬೇರೆ ಬೇರೆ ಬೀಜ ಇಟ್ಟರೆ ಅದೂ ಆಯಿತು. ಒಂದು ದಿನ ಎಲ್ಲ ಮಕ್ಕಳೂ ಬ್ರೈಲ್‌ನಲ್ಲಿ ತಮ್ಮ ಹೆಸರು ಬರೆಯಲಿ, ನಿಮ್ಮ ಮಗಳು ಓದಿ ಯಾರದು ಅಂತ ಹೇಳಲಿ. ಇದನ್ನು ಒಂದೇ ದಿನ ಮಾಡಿ. ದಿನವೂ ಅವಳನ್ನು ಮುಂದೆ ನಿಲ್ಲಿಸಿ ಚಪ್ಪಾಳೆ ಹೊಡೆಸಿದರೆ ಅವಳು ಪ್ರದರ್ಶನದ ವಸ್ತು ಆಗಿಬಿಡುತ್ತಾಳೆ. ಉಳಿದ ದಿನ ಎಲ್ಲರಲ್ಲಿ ಒಬ್ಬಳಾಗಿ ಇರಲಿ. ಸೋಲಲಿ, ಜಗಳವಾಡಲಿ.

ಓದಿದ ಪುಸ್ತಕಗಳ ಪಟ್ಟಿ ಗೋಡೆಗೆ ಹಾಕುವ ಪದ್ಧತಿ ಕೆಲವು ಶಿಬಿರಗಳಲ್ಲಿ ಇದೆ. ಅಲ್ಲಿ ಅವಳು ಬೆರಳಿನಿಂದ ಓದಿದ್ದೂ, ಕಿವಿಯಿಂದ ಓದಿದ್ದೂ ಎರಡೂ ಲೆಕ್ಕಕ್ಕೆ ಬರಬೇಕು ಎಂದು ಮೊದಲೇ ಮಾತಾಡಿಕೊಳ್ಳಿ. ಬ್ರೈಲ್ ಪುಟ ಮುದ್ರಿತ ಪುಟಕ್ಕಿಂತ ಬೇಗ ತುಂಬುತ್ತದೆ. ಆದ್ದರಿಂದ ಪುಟದ ಲೆಕ್ಕ ಬೇಡ, ಎಲ್ಲ ಮಕ್ಕಳಿಗೂ ನಿಮಿಷದ ಲೆಕ್ಕ ಇಡಲಿ. ಪಟ್ಟಿಯಲ್ಲಿ ಇನ್ನೊಂದು ಕಾಲಂ ಇರಲಿ: ‘ಅರ್ಧಕ್ಕೆ ಬಿಟ್ಟ ಪುಸ್ತಕ, ಯಾಕೆ?’ ಶಿಬಿರ ಮುಗಿದ ಮೇಲೆ ನಿಮ್ಮ ಮಗಳ ಆ ಕಾಲಂ ಅನ್ನು ನನಗೆ ಬರೆದು ಕಳಿಸಿ. ದಸರಾ ರಜೆಗೆ ಯಾವ ಹತ್ತು ಪುಸ್ತಕ ಎಂದು ಅದನ್ನು ಓದಿಯೇ ಹೇಳುತ್ತೇನೆ.